ಹೋಗೋ ಗಾಡಿ

ಎಂಟನೇ ಮೈಲಿ ದಾಟಿ, ಮಾದನಾಯಕನಹಳ್ಳಿಗೆ ಮುಂಚೆ
ಟ್ರೇಲರ್ ಯಾರ್ಡಿನ ಪಕ್ಕ, ಪಂಚರ್ ಅಂಗಡಿಯ ಮೇಲೆ
ನಮ್ಮ ಆಫೀಸು. ಊರಿಂದೂರಿಗೆ ಕಾರು ಕಳಿಸುತ್ತೇವೆ.
ಮೇಜು ಒಂದು, ಫೋನು ಎರಡು,
ಸೇಟು ಜೋಧಪುರದಲ್ಲಿ, ದರ ನನ್ನ ಬಾಯಲ್ಲಿ.

ಪಂಚಾಂಗದಲ್ಲಿ ಋತು ಆರು, ನಮ್ಮಲ್ಲಿ ನಾಲ್ಕೇ.
ಏಪ್ರಿಲ್ಲಿನಿಂದ ವರ್ಗಾವಣೆ:
ಬ್ಯಾಂಕಿನವರು, ಮಿಲಿಟರಿಯವರು, ಸ್ಕೂಲು ಶುರುವಾಗುವ ಮುಂಚೆ
ಹೇಳಿದಷ್ಟು ಕೊಡುತ್ತಾರೆ.
ಆಷಾಢದಲ್ಲಿ ಯಾರೂ ಹೊಸ ಕಾರು ಕೊಳ್ಳರು,
ಉತ್ತರದಿಂದ ಗಾಡಿ ಬಾರದು, ಜಾಗವಿಲ್ಲ, ದರ ಹೆಚ್ಚು.
ದಸರೆಗೆ ಹಬ್ಬ, ದರ ಹೆಚ್ಚು.
ಪುಷ್ಯದಲ್ಲಿ ಅತ್ತ ಕಡೆ ಮಂಜು, ಡ್ರೈವರಿಗೆ ದಾರಿ ಕಾಣದು,
ದರ ಹೆಚ್ಚು.
ಕಡಿಮೆ ಯಾವಾಗ ಎಂದು ಕೇಳಿದವರಿಗೆ
"ಹೋದ ವಾರ ಇತ್ತು" ಎನ್ನುತ್ತೇನೆ.

ಗಂಗಹುಚ್ಚಮ್ಮ ಬಂದದ್ದು ಆಯುಧಪೂಜೆಯ ಹಿಂದಿನ ದಿನ,
ಹಸಿರು ಆಲ್ಟೋ ತಾನೇ ಓಡಿಸಿಕೊಂಡು.
ಪಿತೃಪಕ್ಷದಲ್ಲಿ ಫೋನಿನಲ್ಲಿ ನಾನು ಹೇಳಿದ್ದು
ನಾಗಪುರಕ್ಕೆ ಹನ್ನೊಂದೂವರೆ ಸಾವಿರ.
ಈಗ ಹದಿನೈದು ಅಂದೆ.
ಸೀಸನ್ನು, ಡೀಸೆಲ್ಲು, ಡಿಕ್ಕಿಯಲ್ಲಿ ರುಬ್ಬುಗುಂಡು ಬೇರೆ.
ಆಕೆ ಜಗಳ ತೆಗೆಯಲಿಲ್ಲ.
ಕೆಳಗಿಳಿದು, ಗೇಟಿನ ಹತ್ತಿರ ಎಳನೀರಿನವನ ಸ್ಟೂಲು ಎಳೆದುಕೊಂಡು
ಕೂತಳು. ಊಟದ ಹೊತ್ತು ಮೀರಿತು.
ಬಿಸಿಲಿಗೆ ಸೋತು ಒಪ್ಪುತ್ತಾಳೆ ಎಂದುಕೊಂಡೆ.

ಮೂರು ಗಂಟೆಗೆ ಮೆಟ್ಟಿಲು ಹತ್ತಿ ಬಂದು
ಅಂಗೈ ತೋರಿಸಿದಳು. ಬಾಲ್‌ಪೆನ್ನಿನ ಗೀಟುಗಳು.
"ಒಳಗೆ ಬಂದಿದ್ದು ಒಂಬತ್ತು, ತುಂಬಿಕೊಂಡು.
ಹೊರಗೆ ಹೋಗಿದ್ದು ಏಳು,
ಅದರಲ್ಲಿ ಐದು ಬರೀ ಕಬ್ಬಿಣ.
ಆ ಹುಡುಗ ಇರ್ಷಾದನ್ನೂ ಕೇಳಿದೆ,
ಅವನ ಗಾಡಿನೂ ನಾಳೆ ಖಾಲಿನೇ ಅಂತೆ, ನಾಗಪುರದ ಮೇಲೆ.
ಹಬ್ಬ ಬರೋ ಗಾಡಿಗೆ ಕಣಪ್ಪ.
ಹೋಗೋ ಗಾಡಿಗೆ ಯಾವ ಹಬ್ಬ?"

ಇಪ್ಪತ್ತೇಳು ವರ್ಷ ಸಿಟಿ ಬಸ್ಸಿನ ಕಂಡಕ್ಟರಂತೆ,
ಕೊನೆಯ ಹತ್ತು ಇದೇ ತುಮಕೂರು ರಸ್ತೆಯಲ್ಲಿ.
"ನಿಂತು ಬಂದವನಿಗೂ ಕೂತು ಬಂದವನಿಗೂ
ಒಂದೇ ಟಿಕೆಟ್ ಹರಿದವಳು ನಾನು.
ಗೌರಿಹಬ್ಬದ ದಿನ ಮಾರ್ಕೆಟ್ಟಿಗೆ
ಎಂಟಾಣೆ ಜಾಸ್ತಿ ಕೇಳಿದ್ದಿದ್ರೆ
ಹೂವಿನವರು ನನ್ನನ್ನೇ ಮೊಳ ಹಾಕಿ ಮಾರ್ತಿದ್ರು."

ಸೇಟಿಗೆ ಫೋನ್ ಮಾಡಿದೆ. ಎತ್ತಲಿಲ್ಲ.
ಎತ್ತಲಿಲ್ಲವೆಂದು ಯಾಕೋ ಹಗುರವಾಯಿತು.
ಹದಿನಾಲ್ಕು ಅಂದೆ. ಅಂಗೈ ಮುಂದೆ ಹಿಡಿದಳು.
ಹದಿಮೂರು. ಅಂಗೈ ಹಾಗೇ ಇತ್ತು.
ಹನ್ನೆರಡು ಸಾವಿರದ ನಾನೂರಕ್ಕೆ ಮುಚ್ಚಿದಳು:
"ರುಬ್ಬುಗುಂಡಿಗೆ ಒಂಬೈನೂರು ಇಟ್ಕೋ."

ಫಾರಮ್ಮಿನಲ್ಲಿ 'ಪಡೆಯುವವರು' ಎಂಬಲ್ಲಿ
'ನಾನೇ' ಎಂದು ಬರೆದಳು.
ಅಲ್ಲಿ ಯಾರಿದ್ದಾರೆ ಎಂದು ಕೇಳಲು ಕಾಲಂ ಇಲ್ಲ.
ರೈಲಿನಲ್ಲಿ ಸ್ಲೀಪರಂತೆ.
"ಕಾರಿಗಿಂತ ನಾನೇ ಅಗ್ಗ ನೋಡು" ಎಂದು ನಕ್ಕಳು.

ಐನೂರರ ನೋಟು ಇಪ್ಪತ್ತೈದು.
ನನ್ನ ಡ್ರಾಯರಿನಲ್ಲಿ ನೂರು ರೂಪಾಯಿ ಚಿಲ್ಲರೆ ಇರಲಿಲ್ಲ.
ರಸೀದಿ ತಿರುಗಿಸಿ, ಬೆನ್ನಿಗೆ
ನೂರು ಎಂದು ಅಂಕೆಯಲ್ಲಿ ತಾನೇ ಬರೆದು ಸುತ್ತ ಗೆರೆ ಎಳೆದಳು.
ಅದೇ ಬರಹ, ಅದೇ ಅವಸರದ ಸೊನ್ನೆ.
ಕಾಲೇಜಿನ ದಿನಗಳಲ್ಲಿ ದಾಸರಹಳ್ಳಿ ಸ್ಟಾಪಿನಲ್ಲಿ
ಕೇಳದೆ ಇಳಿದ ನಾಲ್ಕು ರೂಪಾಯಿ, ಆರು ರೂಪಾಯಿ
ಎಷ್ಟು ಟಿಕೆಟ್ಟುಗಳ ಬೆನ್ನ ಮೇಲೆ ಹೀಗೇ ಉಳಿದವೋ.

"ಕೇಳದೆ ಇಳಿದವರದ್ದು?" ಎಂದೆ.
ಸ್ವಲ್ಪ ಹೊತ್ತು ಕಾರಿನ ಕೀಲಿಯನ್ನೇ ನೋಡಿದಳು.
"ಕೆಲವರನ್ನ ಕೂಗಿ ಕರೆದಿದೀನಿ," ಅಂದಳು.
"ಕೆಲವರನ್ನ."

ಮಾರನೆಯ ದಿನ ಕ್ಲೀನರು ಟೈರಿಗೆ ನಿಂಬೆಹಣ್ಣು ಇಟ್ಟ,
ಇರ್ಷಾದ್ ಅದರ ಮೇಲೇ ಹತ್ತಿಸಿಕೊಂಡು ಹೊರಟ.
ಒಂದು ಹಸಿರು ಕಾರು, ಏಳು ಕಾರಿನ ಜಾಗದಲ್ಲಿ ಗಾಳಿ.
ಫೋನು ಬಂತು, ಜಬಲ್ಪುರಕ್ಕೆ ಎಷ್ಟಂತೆ.
"ಈಗ ಸೀಸನ್ ಸಾರ್," ಎಂದೆ. ಅಭ್ಯಾಸ.

ನೂರರ ನೋಟೊಂದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದೇನೆ.
ಆಕೆ ಇನ್ನೂ ಕೇಳಿಲ್ಲ.
ಫಾರಮ್ಮಿನಲ್ಲಿ ಅವಳ ನಂಬರಿದೆ,
ನಾನೂ ಕೂಗಿ ಕರೆದಿಲ್ಲ.